ವನ್ಸ್ ಮೋರ್ ಕೂಗಿದವರು ಯಾರು

ಹೊಳೆದಂಡೆಯಲ್ಲೊಂದು ಮಠ. ಅಲ್ಲಿ ಕರಿಬಸಜ್ಜನೆಂಬ ಗುರು. ಅಜ್ಜನಿಗೆ ಜಪದಷ್ಟೇ ನಾಟಕದ ಹುಚ್ಚು.

ವರ್ಷಕ್ಕೊಮ್ಮೆ ಊರವರೂ ಶಿಷ್ಯರೂ ಕೂಡಿ ಮಠದ ಅಂಗಳದಲ್ಲಿ ಎರಡು ಸಂಜೆ ನಾಟಕ ಆಡುತ್ತಿದ್ದರು. ಒಂದೇ ನಾಟಕ, ಅಜ್ಜನ ಅಜ್ಜಂದಿರ ಕಾಲದ್ದು. ಮಾತು ಕಡಿಮೆ, ಹಾಡು ಹೆಚ್ಚು, ನಗೆ ಅದಕ್ಕಿಂತ ಹೆಚ್ಚು.

ಅದರಲ್ಲೊಬ್ಬ ಸಂಶಯದ ಸಾಹುಕಾರ. ಹೆಂಡತಿ ಕೆಮ್ಮಿದರೂ ಸಾಕು, ಮನೆಯಲ್ಲಿ ಯಾರೋ ಅಡಗಿದ್ದಾರೆಂದು ಕಂದೀಲು ಹಿಡಿದು ಹುಡುಕುವವನು. ಆ ಪಾತ್ರ ಶಿಷ್ಯ ಅಡಿವೆಪ್ಪನದು. ಹೆಂಡತಿಯ ಪಾತ್ರ ಊರಿನ ನೇಕಾರ ಫಕೀರಪ್ಪನದು.

ಮೊದಲ ಸಂಜೆ ನಾಟಕ ಮುಗಿದದ್ದೇ ತಡ, ಅಡಿವೆಪ್ಪ ಮುಖದ ಬಣ್ಣ ಸಹ ತೊಳೆಯದೆ ಅಜ್ಜನ ಮುಂದೆ ಬಂದು ನಿಂತ.

ಆ ಫಕೀರಪ್ಪ ಮೋಸಗಾರ ಎಂದು ದೂರಿದ. ತನ್ನ ಮಂದಿಯನ್ನು ಜನರ ನಡುನಡುವೆ ಕೂರಿಸಿ ವನ್ಸ್ ಮೋರ್ ಕೂಗಿಸುತ್ತಾನಂತೆ. ಸಾಲದ್ದಕ್ಕೆ ಪರದೆ ಹಿಂದೆ ಬಂದು, ನಿನ್ನ ಹಾಡು ಭಾಳ ಚಲೋ ಆತು ಎಂದು ಬೇಕಂತಲೇ ಚುಚ್ಚಿದನಂತೆ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಒಳ್ಳೆ ಮಾತೂ ಅವನಿಗೆ ಮುಳ್ಳಾಗಿತ್ತು.

"ಕೂಗಿಸಿದ್ದು ಅಂತ ಹೆಂಗ ಗೊತ್ತಾತು?" ಅಜ್ಜ ಕೇಳಿದ.

"ಅಂವ ರಂಗಕ್ಕ ಕಾಲಿಟ್ಟಿದ್ದ, ಅಷ್ಟ. ಇನ್ನೂ ಬಾಯಿ ತೆರೆದಿರಲಿಲ್ಲ ಅಜ್ಜಾರ. ಆಗಲೇ ವನ್ಸ್ ಮೋರ್ ಅಂದರು."

ಅಜ್ಜ ಅವನ ಮುಖವನ್ನೇ ನೋಡಿದ.

"ಈಗೇನು ಮಾಡಬೇಕಂತಿ?"

"ಅವನನ್ನ ನಾಟಕದಿಂದ ಬಿಡಿಸ್ರಿ. ಇಲ್ಲಾಂದ್ರ ನಾನು ಮಠ ಬಿಡ್ತೀನಿ."

ಅಜ್ಜನಿಗೆ ಅದು ನಾಟಿತು. ಮಗುವಾಗಿದ್ದಾಗಿನಿಂದ ಅವನನ್ನು ಎದುರಿಗೆ ಕೂರಿಸಿಕೊಂಡು ಹಾಡು ಕಲಿಸಿದ್ದ. ಆದರೂ ಬೈಯಲಿಲ್ಲ. ಹೊದ್ದಿದ್ದ ಕಂಬಳಿ ತೆಗೆದು ಅವನ ಕೈಗೆ ಕೊಟ್ಟ. ನಾಳೆ ಇದನ್ನು ಹೊದ್ದುಕೊಂಡು ಮಂದಿಯೊಳಗೆ ಸೇರಿ, ಮೊದಲು ಕೂಗಿದವನನ್ನು ಹಿಡಿ, ಆಮೇಲೆ ನೀನು ಹೇಳಿದ ಹಾಗೇ ಮಾಡೋಣ ಎಂದ.

ಮರುಸಂಜೆ ಸಾಹುಕಾರನ ಹಾಡು ಬಂತು. ಅಡಿವೆಪ್ಪ ಹಾಡಿದ. ಕಂಠ ಹಾಡುತ್ತಿತ್ತು, ಕಣ್ಣು ಮಾತ್ರ ಮಂದಿಯೊಳಗೆ ಕಳ್ಳರನ್ನು ಹುಡುಕುತ್ತಿತ್ತು.

ಹಾಡು ಮುಗಿಯಿತು. ಒಂದು ಗಳಿಗೆಯೂ ನಿಲ್ಲದೆ ಒಳಗೆ ಓಡಿದ. ಜರಿಯಂಗಿಯ ಮೇಲೆ ಕಂಬಳಿ ಎಳೆದುಕೊಂಡು ಹಿಂದಿನಿಂದ ಸುತ್ತಿಬಂದು ಜನರ ನಡುವೆ ತೂರಿದ.

ರಂಗದ ಮೇಲೆ ಆಗಲೇ ಫಕೀರಪ್ಪ ಬಂದಿದ್ದ. ಬಾಯಿ ತೆರೆದಿರಲಿಲ್ಲ.

"ವನ್ಸ್ ಮೋರ್!"

ಕೂಗಿದವನು ಎದುರಿಗೇ ಇದ್ದ. ಕೈ ಎತ್ತಿ, ಗಂಟಲು ಹರಿಯುವ ಹಾಗೆ ಕೂಗುತ್ತಿದ್ದ. ಅಡಿವೆಪ್ಪ ಹಾರಿ ಆ ಕೈ ಹಿಡಿದ.

ಕೂಗುತ್ತಿದ್ದವನು ತಿರುಗಿ ನೋಡಿದ. ಕರಿಬಸಜ್ಜ.

ಅಡಿವೆಪ್ಪನಿಗೆ ಅಳುವೇ ಬಂತು. ಊರವರು ಹಾಳಾಗಿ ಹೋಗಲಿ, ಗುರುವೂ ಫಕೀರಪ್ಪನ ಕಡೆಯೇ ಅಂದರೆ ಯಾರ ಹತ್ತಿರ ಹೇಳಿಕೊಳ್ಳುವುದು?

"ಅಜ್ಜಾರ, ನೀವೂನಾ? ಅಂವ ಇನ್ನೂ ಹಾಡಿಯೇ ಇಲ್ಲಲ್ರಿ."

ಜನ ಕೂಗುತ್ತಲೇ ಇದ್ದರು. ಫಕೀರಪ್ಪ ಸೆರಗು ಹಿಡಿದುಕೊಂಡು ಹಾಡದೆ ನಿಂತಿದ್ದ. ಪರದೆಯ ಕಡೆ ತಿರುಗಿ ಬಾ ಬಾ ಎಂದು ಕೈಮಾಡುತ್ತಿದ್ದ. ಅಲ್ಲಿಂದ ಯಾರೂ ಬರಲಿಲ್ಲ.

ಅಜ್ಜ ಕೈ ಬಿಡಿಸಿಕೊಳ್ಳಲಿಲ್ಲ.

"ಅವನಿಗಲ್ಲೋ ತಮ್ಮಾ. ಈಗ ಹಾಡಿ ಓಡಿಹೋದನಲ್ಲ ಸಾಹುಕಾರ, ಅವನಿಗೆ ಕೂಗಾಕತ್ತೇವಿ. ನಿನ್ನೆನೂ ಕೂಗಿದ್ವಿ, ನಿಲ್ಲಲಿಲ್ಲ. ನಿನಗ ಎಲ್ಲಿಯಾದರೂ ಕಂಡರ, ಒಂದೀಟು ಕಳಿಸಿಕೊಡು."