ಬದನೆ ಹೂವಿನ ಶ್ರುತಿ

ಶಿಷ್ಯ ಕೇಳಿದ: "ಗುರುಗಳೇ, ಹುಳುವಿನಿಂದ ಹೂವಿನವರೆಗೆ ಎಲ್ಲದರ ಗುಟ್ಟನ್ನೂ ಸಂಶೋಧಕರು ಬಿಡಿಸಿ ಹೇಳುತ್ತಿದ್ದಾರೆ. ಎಲ್ಲ ತಿಳಿದುಬಿಟ್ಟರೆ ಬೆರಗು ಎಲ್ಲಿ ಉಳಿಯುತ್ತದೆ?"

ಗುರು ನಕ್ಕರು. "ಬೆರಗಿನ ಬಗ್ಗೆ ನಿನಗೆ ಇಷ್ಟು ಚಿಂತೆಯೇ? ಸರಿ, ಕೂತು ಕೇಳು" ಎಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಮನೆತನದಲ್ಲಿ ಒಂದು ಬದನೆ ತಳಿ ಇತ್ತು, ಬೇರೆಲ್ಲೂ ಸಿಗದ್ದು. ಮನೆಯ ಹೆಣ್ಣುಮಗಳು ಗಂಡನ ಮನೆಗೆ ಹೊರಟಾಗ ಆ ವರ್ಷದ ಹೊಸ ಬೀಜವನ್ನು ಅವಳ ಮಡಿಲಿಗೆ ಹಾಕುವುದು ಅಲ್ಲಿನ ಪದ್ಧತಿ. ಮಗಳ ಮದುವೆ ಗೊತ್ತಾಯಿತು. ರೈತ ಇದ್ದಬದ್ದ ಬೀಜವನ್ನೆಲ್ಲ ಬಿತ್ತಿದ. ಗಿಡ ಹೂವಿಗೆ ಬರುವಷ್ಟರಲ್ಲಿ ಮನೆಯನ್ನೂ ಚಂದ ಮಾಡಲು ಹೊರಟ. ಹಿತ್ತಿಲ ಮಣ್ಣುಗೋಡೆಯ ತುಂಬ ತೂತು, ತೂತಿಗೊಂದು ನೀಲಿ ಪಟ್ಟೆಯ ದುಂಬಿ, ದಿನವಿಡೀ ಗುಂಯ್ ಎನ್ನುವ ಸದ್ದು. ಬೀಗರು ಏನೆಂದುಕೊಂಡಾರು ಎಂದು ಗೋಡೆಗೆ ಸಿಮೆಂಟು ಬಳಿಸಿದ. ಗೋಡೆ ನುಣ್ಣಗಾಯಿತು, ಹಿತ್ತಿಲು ತಣ್ಣಗಾಯಿತು.

ಬದನೆ ಹೂ ಬಿಟ್ಟಿತು. ಹೂಗಳು ಕಾಯಿ ಕಟ್ಟದೆ ಉದುರತೊಡಗಿದವು. ಕೀಟದ ಕಾಟವೇ ಇರಬೇಕೆಂದು ಔಷಧಿ ಹೊಡೆದ, ಮತ್ತಷ್ಟು ಉದುರಿದವು. ನಿಂತ ಒಂದೆರಡು ಕಾಯಿಯನ್ನು ಸೀಳಿ ನೋಡಿದರೆ ಬೀಜವೆಲ್ಲ ಜೊಳ್ಳು. ಹಿರಿಯರ ತಳಿ ತನ್ನ ಕೈಯಲ್ಲೇ ಮುಗಿಯಿತಲ್ಲ ಎಂದುಕೊಂಡ. ಮಗಳ ಮುಖ ನೋಡಲಾಗಲಿಲ್ಲ.

ಸುದ್ದಿ ಕೇಳಿ, ಕೀಟಗಳ ಮೇಲೆ ಸಂಶೋಧನೆ ಮಾಡುವ ಹೆಂಗಸೊಬ್ಬಳು ತೋಟಕ್ಕೆ ಬಂದಳು. ಗಿಡ ನೋಡಿದಳು, ಗೋಡೆ ನೋಡಿದಳು, ಮುಂಚೆ ಅಲ್ಲಿ ಗುಂಯ್ ಎನ್ನುವ ದುಂಬಿಗಳಿದ್ದವೆಂದು ರೈತನಿಂದ ಕೇಳಿ ತಿಳಿದಳು. ಚೀಲದಿಂದ ಶ್ರುತಿ ಹಿಡಿಯುವ ಉಕ್ಕಿನ ಕವಲುಕಡ್ಡಿ ತೆಗೆದಳು. ಅದನ್ನು ಚಪ್ಪಲಿಯ ಹಿಮ್ಮಡಿಗೆ ಬಡಿದು, ಅದು ಗುಂಯ್ ಎನ್ನುತ್ತಿರುವಾಗಲೇ ಹೂವಿಗೆ ಮುಟ್ಟಿಸಿದಳು. ರೈತನ ಅಂಗೈಗೆ ಹಳದಿ ಪುಡಿ ಸುರಿಯಿತು.

"ಇದೇನವ್ವ! ಇಷ್ಟು ಚಿಕ್ಕ ಹೂವಿನೊಳಗೆ ಇಷ್ಟಿತ್ತಾ?"

"ಬದನೆ ಹೂವು ಪರಾಗನ ಒಳಗೇ ಮುಚ್ಚಿಟ್ಕೊಂಡಿರುತ್ತೆ. ನಿಮ್ಮ ಗೋಡೆಯ ದುಂಬಿ ಹೂವನ್ನ ತಬ್ಬಿಕೊಂಡು ಮೈ ಅದುರಿಸಿದಾಗ ಅದು ಸುರೀತಿತ್ತು. ನೀವು ಕೇಳ್ತಿದ್ದ ಗುಂಯ್ ಸದ್ದೂ ಅಂಥ ಅದುರಾಟದ್ದೇ."

ರೈತನ ಮೈ ಜುಮ್ಮೆಂದಿತು. ಕಡ್ಡಿ ಇಸಿದುಕೊಂಡು ತಾನೇ ಹೂವಿನಿಂದ ಹೂವಿಗೆ ಹೋದ. ಎರಡು ಸಾಲು ಮುಗಿಯುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ಅಜ್ಜನ ಕಾಲದಿಂದ ಈ ಕೆಲಸವನ್ನು ಆ ದುಂಬಿಗಳು ಮಾಡುತ್ತಲೇ ಇದ್ದವು. ಒಂದು ಹೂವನ್ನೂ ತಪ್ಪಿಸಿರಲಿಲ್ಲ, ಯಾರಿಗೂ ಹೇಳಿಕೊಂಡಿರಲಿಲ್ಲ. ಅವನು ಬದುವಿನ ಮೇಲೆ ಕುಳಿತು ಅತ್ತ. ಎದ್ದವನೇ ಹಾರೆ ಹಿಡಿದು ಗೋಡೆಯ ಸಿಮೆಂಟು ಕಿತ್ತ.

ಕಡ್ಡಿ ಮುಟ್ಟಿಸಿದ ಹೂಗಳು ಕಾಯಿ ಕಟ್ಟಿದವು. ಕೊಯ್ಯದೆ ಹಣ್ಣಾಗಲು ಬಿಟ್ಟ. ಮದುವೆಯ ದಿನ ಮಗಳ ಮಡಿಲಿಗೆ ಒಂದು ಹಿಡಿ ಬೀಜ ಬಿತ್ತು. ಬೀಗರು ಕೆತ್ತಿಹೋದ ಗೋಡೆ ನೋಡಿ ಮೂಗು ಮುರಿದರು. ರೈತನಿಗೆ ಅದರ ಪರಿವೆಯೇ ಇರಲಿಲ್ಲ. ಗೋಡೆಗೆ ಒಂದೇ ಒಂದು ದುಂಬಿ ಮರಳಿತ್ತು. ಅವನು ಬಾಯಿ ತೆರೆದು ಅದನ್ನೇ ನೋಡುತ್ತ ನಿಂತಿದ್ದ.

ಶಿಷ್ಯ ಕೇಳಿದ: "ಹಾಗಾದರೆ ಗುಟ್ಟು ತಿಳಿದ ಮೇಲೆ ಅವನ ಬೆರಗು ಹೆಚ್ಚಾಯಿತೇ?"

"ಹೆಚ್ಚಾಗಲು ಮೊದಲು ಇರಬೇಕಲ್ಲಪ್ಪ! ತಿಳಿಯುವ ಮುನ್ನ ಅವನಿಗೆ ಇದ್ದದ್ದು ಬರೀ ತೂತುಬಿದ್ದ ಗೋಡೆ" ಎಂದರು ಗುರು.