ಮೇಲಿನ ಕಟ್ಟಿಗೆ, ಕೆಳಗಿನ ಕಟ್ಟಿಗೆ

“ಗುರುಗಳೇ, ಆ ಊರಿಗೆ ಬೇಕಾದದ್ದು ನೀರು. ನೀವು ಬೆಂಕಿ ಹೊತ್ತಿಸಲು ಹೊರಟಿದ್ದೀರಿ,” ಎಂದ ಶಿಷ್ಯ ವಿಭಾಕರ.

“ಹೌದು. ಬೆಂಕಿ ಕಡೆಯುವ ಅರಣಿ ತೆಗೆದುಕೊ,” ಎಂದರು ಗುರುಗಳು.

ಇಬ್ಬರೂ ಹೊಳೆ ದಾಟಿದರು.

ಆಚೆ ದಡದ ಊರಿನಲ್ಲಿ ಕುಡಿಯುವ ನೀರಿನ ಘಟಕಕ್ಕೆ ಬೀಗ ಬಿದ್ದು ಮೂರು ತಿಂಗಳಾಗಿತ್ತು. ಸರದಿಯಲ್ಲಿ ಮೊದಲು ಯಾರು ನಿಲ್ಲಬೇಕೆಂದು ಮೇಲಿನ ಓಣಿಗೂ ಕೆಳಗಿನ ಓಣಿಗೂ ಜಗಳ. ಮೇಲಿನ ಓಣಿಯ ಮನೆಗಳಲ್ಲಿ ಬೋರ್‌ವೆಲ್ ಇತ್ತು. ಕೆಳಗಿನವರು ಹೊಳೆ ನೀರು ಕುಡಿದು ವಾಂತಿಭೇದಿಯಿಂದ ಮಲಗುತ್ತಿದ್ದರು. ಘಟಕದ ಗೋಡೆಯ ಮೇಲೆ ದೊಡ್ಡದಾಗಿ ‘ಶುದ್ಧ’ ಎಂದು ಬರೆದಿತ್ತು. ಬೀಗದ ಕೈ ಮೇಲಿನ ಓಣಿಯ ಚೆನ್ನವೀರಗೌಡನ ಸೊಂಟದಲ್ಲಿತ್ತು.

ಗುರುಗಳು ಶಾಂತಿಹೋಮವೆಂದು ಕರೆದಿದ್ದಕ್ಕೆ ಎರಡೂ ಓಣಿಯವರು ಬಂದು ದೂರ ದೂರ ನಿಂತರು.

ಗುರುಗಳು ಅರಣಿಯ ಕೆಳಗಿನ ಕಟ್ಟಿಗೆಯನ್ನು ನೆಲಕ್ಕಿಟ್ಟು, ಅದರ ಕುಳಿಯಲ್ಲಿ ಮೇಲಿನ ಕಟ್ಟಿಗೆ ನಿಲ್ಲಿಸಿ ಹಗ್ಗ ಸುತ್ತಿದರು.

“ಒಬ್ಬರು ಬಗ್ಗಿ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಮಜ್ಜಿಗೆ ಕಡೆದಂತೆ ಹಗ್ಗ ಎಳೆಯಬೇಕು. ಗೌಡರೇ, ನೀವು ಒತ್ತಿ. ದುರುಗಪ್ಪ, ನೀನು ಎಳೆ.”

ದುರುಗಪ್ಪ ಕೆಳಗಿನ ಓಣಿಯವನು. ಅವನ ಮೊಮ್ಮಗಳು ನಾಲ್ಕು ದಿನದಿಂದ ಆಸ್ಪತ್ರೆಯಲ್ಲಿದ್ದಳು.

“ಅವನ ಮುಂದ ನಾ ಬಗ್ಗಬೇಕೇನ್ರಿ?” ಎಂದ ಗೌಡ.

“ಬಗ್ಗದೆ ಒತ್ತಲು ಬಂದರೆ ಹಾಗೇ ಒತ್ತಿ.”

ಗೌಡ ಬಗ್ಗಿದ. ಒಬ್ಬ ಎಳೆದಾಗ ಇನ್ನೊಬ್ಬ ಸಡಿಲ ಬಿಡುತ್ತಿದ್ದ. ಕಟ್ಟಿಗೆ ಕುಳಿಯಿಂದ ಹಾರಿ ಹಾರಿ ಬೀಳುತ್ತಿತ್ತು. ಒಂದು ತಾಸು ಕಳೆಯಿತು. ಜನ ಮುಸಿಮುಸಿ ನಗತೊಡಗಿದರು, ಕೆಲವರು ಮನೆ ಕಡೆ ತಿರುಗಿದರು.

ವಿಭಾಕರನಿಗೆ ದಿಗಿಲಾಯಿತು. ಇಂದು ಇವರು ಹೋದರೆ ಮತ್ತೆ ಒಂದೆಡೆ ಸೇರುವುದಿಲ್ಲ. ಯಾರೂ ನೋಡದಂತೆ ಬೆಂಕಿಕಡ್ಡಿ ಗೀರಿ, ಕಿಡಿ ಹಿಡಿಯಲೆಂದು ಕುಳಿಯ ಬಳಿ ಇಟ್ಟಿದ್ದ ತೆಂಗಿನ ನಾರಿಗೆ ತಾಗಿಸಿದ.

ಉರಿ ಎದ್ದಿತು. ಜನ ಚಪ್ಪಾಳೆ ತಟ್ಟಿದರು. ಗೌಡನೂ ದುರುಗಪ್ಪನೂ ಕೈಬಿಟ್ಟು ತಮ್ಮ ತಮ್ಮ ಓಣಿಯ ಕಡೆ ಸರಿದರು.

ಗುರುಗಳು ಉರಿಯುವ ನಾರನ್ನು ಆಚೆ ತಳ್ಳಿ ಕಮಂಡಲದ ನೀರು ಸುರಿದರು.

“ಬೆಂಕಿ ಬಂದಿತ್ತಲ್ಲ ಗುರುಗಳೇ!” ಎಂದ ವಿಭಾಕರ.

“ಬಂದಿತ್ತು. ಅವರು ಎತ್ತ ಹೋದರು, ನೋಡಿದೆಯಾ?”

ವಿಭಾಕರ ನಾಚಿಕೆಯಿಂದ ತಲೆ ತಗ್ಗಿಸಿ ಒಣ ನಾರು ತಂದಿಟ್ಟ.

“ಮತ್ತೆ ಕಡೆಯಿರಿ,” ಎಂದರು ಗುರುಗಳು.

ಬಿಸಿಲು ನೆತ್ತಿಗೇರಿತು. ಅಂಗೈಯಲ್ಲಿ ಬೊಬ್ಬೆಗಳೆದ್ದವು. ಇಬ್ಬರೂ ಬಿಡಲಿಲ್ಲ, ಮೊದಲು ಸೋತವನೆನಿಸಿಕೊಳ್ಳಲು ಇಬ್ಬರಿಗೂ ಮನಸ್ಸಿರಲಿಲ್ಲ. ಆಮೇಲೆ ಆ ಹಟವೂ ಮರೆತುಹೋಯಿತು.

“ಏ ದುರುಗಪ್ಪ, ನಿಲ್ಲಿಸಬ್ಯಾಡೋ! ಹೊಗಿ ಬರಾಕತ್ತೈತಿ!”

“ನೀವು ಗಟ್ಟಿ ಒತ್ರಿ ಗೌಡ್ರ!”

ಮೂರು ತಿಂಗಳಲ್ಲಿ ಅವರು ಒಬ್ಬರಿಗೊಬ್ಬರು ಆಡಿದ ಮೊದಲ ಮಾತು ಅದು. ಕುಳಿಯಲ್ಲಿ ಉದುರಿದ್ದ ಕಪ್ಪು ಪುಡಿಯೊಳಗೆ ಕಿಡಿ ಕಂಡಿತು. ಇಬ್ಬರೂ ಒಟ್ಟಿಗೆ ಬಾಗಿ ಊದಿದರು. ನಾರು ಹೊತ್ತಿಕೊಂಡಿತು.

ಗೌಡ ಅಲ್ಲೇ ಕುಸಿದು ಕೂತ. ಬಾಯಿ ಒಣಗಿತ್ತು. ದುರುಗಪ್ಪನ ಬಾಟಲಿಗೆ ಕೈ ಚಾಚಿದ.

ದುರುಗಪ್ಪ ಬಾಟಲಿ ಹಿಂದಕ್ಕೆಳೆದುಕೊಂಡ. “ಬ್ಯಾಡ್ರಿ ಗೌಡ್ರ. ಇದು ಹೊಳಿ ನೀರು. ನಿಮಗ ಆಗೂದಿಲ್ಲ.”

ಗೌಡನಿಗೆ ಮುಖ ಎತ್ತಲಾಗಲಿಲ್ಲ. ಎದ್ದು ಹೋಗಿ ಘಟಕದ ಬೀಗ ತೆಗೆದ. ಕೊಡಗಳು ಬಂದವು. ಯಾರೂ ಸರದಿಯ ಮಾತೆತ್ತಲಿಲ್ಲ.

ಹೋಮ ಮುಗಿಯಿತು. ಗೌಡ ಕೈಮುಗಿದ.

“ಗುರುಗಳ, ಈ ಬೆಂಕಿ ಆರದ್ಹಂಗ ನಮ್ಮ ಓಣಿ ಗುಡಿಯೊಳಗ ಇಟ್ಟು ಕಾಯ್ತೀವ್ರಿ.”

ದುರುಗಪ್ಪನ ಮುಖ ಸಣ್ಣದಾಯಿತು.

ಗುರುಗಳು ಕೆಳಗಿನ ಕಟ್ಟಿಗೆಯನ್ನು ಗೌಡನ ಕೈಗಿತ್ತರು. ಮೇಲಿನ ಕಟ್ಟಿಗೆಯನ್ನು ದುರುಗಪ್ಪನಿಗೆ ಕೊಟ್ಟರು.

“ಬೆಂಕಿ ಆರಲಿ. ನಾಳೆ ಬೆಳಿಗ್ಗೆ ಇಬ್ಬರೂ ಬನ್ನಿ.”