ಪಡ್ಡಿನ ಹಂಚು ತೊಟ್ಟ ಒಡವೆ

ನಾನು ಪಡ್ಡಿನ ಹಂಚು. ಮನೆಯಲ್ಲೇ ಒಡವೆ ಮಾಡುವುದನ್ನು ಹೊಸದಾಗಿ ಕಲಿಯುತ್ತಿದ್ದ ಚಂದ್ರಕಲಾ, ಅಚ್ಚು ಕೊಳ್ಳದೆ, ನನ್ನ ಏಳು ಗುಳಿಗಳಿಗೂ ಎಣ್ಣೆ ಸವರಿ, ಆರಿದರೆ ಕಲ್ಲಾಗುವ ರೆಸಿನ್ ಎಂಬ ಅಂಟುದ್ರವ ಹುಯ್ದಳು.

ರೆಸಿನ್ ಹೇಳಿತು: "ಅಕ್ಕಾ, ಇನ್ನೂ ನೀರಾಗಿದ್ದೇನೆ, ವಾಲಿ ನನ್ನನ್ನು ಚೆಲ್ಲಿಬಿಡು. ಗಟ್ಟಿಯಾದರೆ ನಾನು ಬಿಡುವುದಿಲ್ಲ."

"ನನಗೇ ಹೇಳಿಕೊಡ್ತೀಯಾ? ಎಣ್ಣೆ ಬಿದ್ದಮೇಲೆ ನನ್ನಿಂದ ಏಳದ ಹಿಟ್ಟೇ ಇಲ್ಲ," ಎಂದೆ.

ಮರುದಿನ ಚಂದ್ರಕಲಾ ಮೀಟಿದಳು. ಚಮಚ ಬಾಗಿತು, ಒಂದೂ ಏಳಲಿಲ್ಲ.

"ಹಿಟ್ಟು ಉಬ್ಬಿದೆ, ಹಂಚು ತಾರಮ್ಮಾ," ಎಂದು ಅತ್ತೆ ಕೂಗಿದರು.

ಅವಳು ನನ್ನನ್ನು ನಡುಮನೆಯ ಗೋಡೆಗೆ ನೇತುಹಾಕಿ, "ಇದು ಗೋಡೆಯ ಒಡವೆ, ಅತ್ತೆ," ಎಂದಳು.

ಅತ್ತೆ ಹೊಸ ಹಂಚು ತಂದರು. ಅದು ವಿನಯದಿಂದ, "ಅಕ್ಕಾ, ನೀವು ಅನುಭವಸ್ಥರು, ನಾಲ್ಕು ಮಾತು ಹೇಳಿ," ಎಂದಿತು. ಹೇಳಲು ಹೊರಟೆ. ಏಳು ಬಾಯಿಯೂ ತುಂಬಿದ್ದವು.